ಸೆಮಿಫೈನಲ್ಲಿಗೆ ಸುಂದ್ರವ್ವನ ಸಾರಣೆ

ನಿಪ್ಪಾಣಿಯ ಹೈಸ್ಕೂಲು ಮೈದಾನದಲ್ಲಿ ಡಿಸೆಂಬರಿನ ಮಂಜು ಇನ್ನೂ ಕರಗಿಲ್ಲ. ಬಾಸ್ಕೆಟ್‌ಬಾಲ್ ಅಂಕಣದ ಮೂಲೆಯಲ್ಲಿ ಸುಂದ್ರವ್ವ ಸೀರೆ ಎತ್ತಿ ಕಟ್ಟಿ, ಸಗಣಿ ಕಲಸಿದ ಬಕೆಟ್ಟಿಗೆ ಕಸಬರಿಗೆ ಅದ್ದುತ್ತಾರೆ. ಸುಗ್ಗಿಗೆ ಕಣ ಸಾರಿಸುವ ಹಾಗೆಯೇ ಹಿಂದಕ್ಕೆ ಹೆಜ್ಜೆಯಿಡುತ್ತ ಮಣ್ಣಿನ ಅಂಕಣ ಸಾರಿಸುತ್ತಾರೆ. ಇಲ್ಲದಿದ್ದರೆ ಸಂಜೆ ಏಳುವ ಧೂಳಿನಲ್ಲಿ ಚೆಂಡೂ ಕಾಣದು, ಬುಟ್ಟಿಯೂ ಕಾಣದು. ವರ್ಷಗಳಿಂದ ಪಳಗಿದ ಕೈ ಇವತ್ತು ಮತ್ತೆ ಮತ್ತೆ ನಿಲ್ಲುತ್ತಿದೆ. ಚಳಿಗೆ ಅಂದುಕೊಂಡರೆ ತಪ್ಪು.

"ಅಂಜಿಕಿ ಬಂದೈತ್ರಿ," ಎನ್ನುತ್ತಾರೆ, ಪತ್ರಿಕೆಯ ಪುರವಣಿಗಾಗಿ ಮಾತಾಡಿಸಲು ಹೋದ ನಮ್ಮೆದುರು ಮುಚ್ಚುಮರೆಯಿಲ್ಲದೆ.

ಸಂಜೆ ಇಲ್ಲೇ ಸೆಮಿಫೈನಲ್. ಊರಿನ ಗೆಳೆಯರ ಬಳಗಕ್ಕೆ ಅಥಣಿಯ ಕಾಲೇಜು ಹುಡುಗರು ಎದುರಾಳಿ. ಬಳಗವನ್ನು ಎಲ್ಲರೂ ಗೌರವದಿಂದ 'ಅನುಭವಿಗಳ ತಂಡ' ಎನ್ನುತ್ತಾರೆ. ಬಿಚ್ಚಿ ಹೇಳಬೇಕೆಂದರೆ ಎಲ್ಲರಿಗೂ ನಲವತ್ತು ದಾಟಿದೆ, ಇಬ್ಬರ ಹೊಟ್ಟೆ ಅವರಿಗಿಂತ ಮೊದಲು ಅಂಕಣಕ್ಕೆ ಬರುತ್ತದೆ. ನಿಂತಲ್ಲಿಂದ ಎಸೆದರೆ ಗುರಿ ತಪ್ಪುವವರಲ್ಲ. ಓಡಬೇಕಾದರೆ ಮಾತ್ರ ಏದುಸಿರು. ಪ್ರತಿ ವರ್ಷ ಸೆಮಿಫೈನಲ್ ತನಕ ಬಂದು, ಅರ್ಧ ಆಟದ ನಂತರ ಸುಸ್ತಾಗಿ ಸೋಲುತ್ತಾರೆ. ಈ ಸಲ ಲೀಗಿನಲ್ಲಿ ಎರಡನೆಯ ಸ್ಥಾನ ಸಿಕ್ಕಿದ್ದರಿಂದ ಪಂದ್ಯ ಮೊದಲ ಬಾರಿಗೆ ತಮ್ಮ ನೆಲದಲ್ಲಿ. ಫೈನಲ್ ಕಾಣುವ ಆಸೆ ಚಿಗುರಿರುವುದು ಅದಕ್ಕೇ.

ತಂಡದ ನಾಯಕ ಮಾಳಸಿದ್ದ ತಂಬಾಕಿನ ಗೋದಾಮಿನಲ್ಲಿ ಚೀಲ ಹೊರುವವನು, ಸುಂದ್ರವ್ವನ ಕೊನೆಯ ತಮ್ಮ. ತಾಯಿ ಇಲ್ಲದ ಕೂಸನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವರು ಈ ಅಕ್ಕನೇ. 1980ರಲ್ಲಿ ಗಂಡ ತೀರಿಕೊಂಡಾಗ ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಹಿಡಿದರು. ಬೆಳಗಾಗುವ ಮೊದಲೇ ನೀರು ಸೇದಿ, ಓಣಿಯ ಕೊಟ್ಟಿಗೆಗಳಿಂದ ಸಗಣಿ ಹೊತ್ತು ತಂದು ಅಂಕಣ ಸಾರಿಸುವುದನ್ನು ಮೈಮೇಲೆ ಹಾಕಿಕೊಂಡದ್ದು ತಮ್ಮನಿಗಾಗಿ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ, ಯಾಕೆಂದು ಈಗ ಯಾರೂ ಕೇಳುವುದೂ ಇಲ್ಲ.

ಎರಡು ವರ್ಷದ ಹಿಂದೆ ಇದೇ ತಂಡದಲ್ಲಿ ಆಡುತ್ತಿದ್ದ ಬಸ್ ಕಂಡಕ್ಟರ್ ಅಣ್ಣಾಸಾಬ, ಸಾರಣೆ ಪೂರ್ತಿ ಆರದ ಜಾಗದಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡರು. ಓಡುವ ಬಸ್ಸಿನಲ್ಲಿ ನಿಲ್ಲಲು ಮತ್ತೆ ಆಗಲೇ ಇಲ್ಲ. ಅಂದಿನಿಂದ ಪಂದ್ಯ ನಡೆವಾಗ ಸುಂದ್ರವ್ವ ಚೆಂಡು ನೋಡುವುದಿಲ್ಲ, ಕಾಲುಗಳನ್ನೇ ನೋಡುತ್ತಾರೆ. ಆಟ ಬಿಡೆಂದು ತಮ್ಮನ ಬೆನ್ನು ಹತ್ತಿದ್ದಾರೆ. ಒಮ್ಮೆ ಫೈನಲ್ ಆಡಿದರೆ ಬಿಡುತ್ತೇನೆ ಎಂದು ಅವನು ಮಾತು ಕೊಟ್ಟಿದ್ದಾನೆ.

ಅದೇ ತಮ್ಮ ನಿನ್ನೆ ಸಂಜೆ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕಾ, ಈ ಸಲ ದಪ್ಪಗ ಸಾರಸು. ಚೆಂಡ ಪುಟಿಯೂದು ಕಡಿಮಿ ಆದ್ರ ಆ ಹುಡುಗೂರ ಓಟ ತಾನ ನಿಲ್ಲತೈತಿ."

ಅವನ ಲೆಕ್ಕ ಸುಳ್ಳಲ್ಲ. ದಪ್ಪ ಸಾರಣೆ ಮೇಲೆ ಆರಿದರೂ ಒಳಗೆ ಸಂಜೆಯ ತನಕ ಹಸಿ ಇರುತ್ತದೆ. ಚೆಂಡು ಸತ್ತಂತೆ ಬೀಳುತ್ತದೆ, ಆಟ ನಿಧಾನವಾಗುತ್ತದೆ, ನಿಂತು ಎಸೆಯುವವರಿಗೆ ಅನುಕೂಲ. ಗೆದ್ದರೆ ತಮ್ಮ ಆಟ ಬಿಡುತ್ತಾನೆ, ಅಕ್ಕನ ಅಂಜಿಕೆಯೂ ಅಲ್ಲಿಗೆ ಮುಗಿಯುತ್ತದೆ. ಆದರೆ ದಣಿದ ಕಾಲು ಅದೇ ಹಸಿಯ ಮೇಲೆ ತಿರುಗಿದರೆ? ಚೀಲ ಹೊರುವವನ ಕಾಲು ಹೋದರೆ ಮನೆಯ ಒಲೆಯೇ ಆರೀತು. ರಾತ್ರಿಯೆಲ್ಲ ಇದನ್ನೇ ನೆನೆದು ಸುಂದ್ರವ್ವನ ಕಣ್ಣು ಮುಚ್ಚಿಲ್ಲ.

ಮಂಜು ಸರಿದು ಬಿಸಿಲು ಬೀಳುತ್ತಿದೆ. ತಮ್ಮನಿಗಾಗಿ ಗಟ್ಟಿಯಾಗಿ ಕಲಸಿಟ್ಟ ಇನ್ನೊಂದು ಬಕೆಟ್ಟು ಕಂಬದ ಬುಡದಲ್ಲಿದೆ. ಸುಂದ್ರವ್ವ ಅದಕ್ಕೆ ಕಸಬರಿಗೆ ಅದ್ದಿ, ಮತ್ತೆ ಹೊರತೆಗೆಯುತ್ತಾರೆ. ಆಮೇಲೆ ಕೊಡವೆತ್ತಿ ನೀರು ಸುರಿಯುತ್ತಾರೆ. ಗಟ್ಟಿ ಸಗಣಿ ತೆಳ್ಳಗಾಗುತ್ತದೆ. ಮಧ್ಯಾಹ್ನಕ್ಕೆಲ್ಲ ಆರಿ ಗಟ್ಟಿಯಾಗುವ ತೆಳು ಸಾರಣೆಯನ್ನೇ ಎಳೆಯತೊಡಗುತ್ತಾರೆ.

"ಮಾಳಸಿದ್ದಗ ಹೇಳಬ್ಯಾಡ್ರಿ," ಎಂದು ಕೇಳಿಕೊಳ್ಳುತ್ತಾರೆ. ಪುರವಣಿ ಬರುವುದು ರವಿವಾರ, ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ ಎಂದಾಗ ಅರ್ಧ ಸಮಾಧಾನ.

ಹಾಗಾದರೆ ಹುಡುಗರು ಓಡಿ ಗೆಲ್ಲುತ್ತಾರಲ್ಲ ಎಂಬ ಪ್ರಶ್ನೆಗೆ ಅವರು ಕಸಬರಿಗೆ ನಿಲ್ಲಿಸುವುದಿಲ್ಲ. "ಸೋತ್ರ ಬರೂ ವರ್ಷ ಮತ್ತ ಆಡತಾನ್ರಿ. ನಾನೂ ಮತ್ತ ಅಂಜಿಕೊಂತ ಸಾರಸತೀನಿ. ಆಡಾಕ ಅವಗ ಕಾಲಾದ್ರೂ ಇರ್ತಾವಲ್ರಿ."