ಹೆಬ್ಬೆರಳು ಉಳಿಸಿದ ಸಾಖರಪುಡಾ

ಬೆಲ್ಲವೂ ಸಕ್ಕರೆಯೇ. ಎರಡೂ ಅದೇ ಕಬ್ಬಿನ ಹಾಲಿನಿಂದ ಹುಟ್ಟಿದವು; ಒಂದು ಮೈ ತೊಳೆದುಕೊಂಡು ಬಂತು, ಇನ್ನೊಂದು ಹಾಗೇ ಬಂತು. ಜಿಲ್ಲೆಯ ತುಂಬ ಕಬ್ಬು ಬೆಳೆಯುವ ನಮಗೆ ಇಷ್ಟೂ ಗೊತ್ತಿಲ್ಲವೆಂದರೆ ನಾಚಿಕೆಗೇಡು. ಲಕ್ಷ್ಮಪ್ಪನಿಗೆ ಗೊತ್ತಿರಲಿಲ್ಲ. ಆ ಅಜ್ಞಾನಕ್ಕೆ ಅವನು ಎಡಗಾಲಿನ ಹೆಬ್ಬೆರಳನ್ನೇ ತೆರುವುದರಲ್ಲಿದ್ದ.

ಬೆಳಗಾವಿಯ ಆಟೋ ನಗರದಲ್ಲಿ ಲಾರಿ, ಕ್ರೂಸರುಗಳ ಸೀಟಿಗೆ ಕವರು ಹೊಲಿಯುವುದು ಲಕ್ಷ್ಮಪ್ಪನ ಕಸುಬು. ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್ನು. ಎಡಗಾಲಿನ ಹೆಬ್ಬೆರಳು ಸರಿಯಾಗಿ ಒತ್ತಿದರೇನೇ ರೆಕ್ಸಿನ್ನಿನ ಮೇಲೆ ಹೊಲಿಗೆ ನೆಟ್ಟಗೆ ಓಡುವುದು. ಭಾನುವಾರದ ಕೆಲಸ ಬೇರೆ. ಬಳಗದಲ್ಲಿ ಯಾರ ಮದುವೆ ಮಾತುಕತೆಯಿದ್ದರೂ ಲಕ್ಷ್ಮಪ್ಪನೇ ಹಿರಿಯ. ಮುನಿಸಿಕೊಂಡ ಬೀಗರನ್ನು ಕನ್ನಡದಲ್ಲೂ ನಗಿಸುತ್ತಿದ್ದ, ಮರಾಠಿಯಲ್ಲೂ ನಗಿಸುತ್ತಿದ್ದ. ಹೋದಲ್ಲೆಲ್ಲ ಚಹಾ ಕಾದಿರುತ್ತಿತ್ತು. ನಮ್ಮ ಕಡೆ ಮರ್ಯಾದೆಯನ್ನು ಅಳೆಯುವುದು ಚಮಚದಿಂದಲೇ; ಬಂದವರು ಬೀಗರಾದರೆ ಕಪ್ಪಿನ ತಳದಲ್ಲಿ ಸಕ್ಕರೆ ಕೆಸರಿನಂತೆ ಉಳಿಯಬೇಕು. ಇಷ್ಟು ವರ್ಷಗಳಲ್ಲಿ ‘ಸಕ್ಕರಿ ಎಷ್ಟು ಹಾಕ್ಲಿ?’ ಎಂದು ಒಂದೇ ಒಂದು ಮನೆಯವರೂ ಅವನನ್ನು ಕೇಳಿದ್ದಿಲ್ಲ.

ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳಿಗೆ ಗಾಯವಾಯಿತು. ವಾರ ಕಳೆದರೂ ಮಾಯಲಿಲ್ಲ. ಟಿಳಕವಾಡಿಯ ಡಾಕ್ಟರ್ ಅನುಜಾ ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಬರೆದುಕೊಟ್ಟು, ಸಕ್ಕರೆ ಕಾಯಿಲೆಯಿದೆ, ಚಹಾಕ್ಕೆ ಸಕ್ಕರೆ ಬೇಡ ಎಂದರು. ಲಕ್ಷ್ಮಪ್ಪ ಅಂದೇ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ದಾನ ಮಾಡಿ ಬೆಲ್ಲದ ಚಹಾ ಶುರು ಮಾಡಿದ. ಗ್ಯಾರೇಜಿನವರೆಲ್ಲ ಬೆನ್ನು ತಟ್ಟಿದರು. “ಬೆಲ್ಲಕ್ಕ ಏನೂ ಆಗೂದಿಲ್ಲೋ ಮಾರಾಯಾ, ಎರಡ ತುಂಡ ಹೆಚ್ಚಿಗಿ ಹಾಕ್ಕೋ!” ಇಂಥ ಉಚಿತ ಡಾಕ್ಟರುಗಳು ನಮ್ಮ ಊರಿನಲ್ಲಿ ಗಲ್ಲಿಗೊಬ್ಬರಿದ್ದಾರೆ. ಕಾಲು ಹೋದಾಗ ಮಾತ್ರ ಅವರು ಸಿಗುವುದಿಲ್ಲ.

ತಿಂಗಳಾದ ಮೇಲೆ ಗಾಯ ಮೊದಲಿಗಿಂತ ದೊಡ್ಡದಾಗಿತ್ತು.

“ಕಾಕಾ, ಸಕ್ಕರಿ ಬಿಟ್ಟೀರೇನು?” ಅನುಜಾ ಕೇಳಿದರು.

“ಮುಟ್ಟಿಲ್ರಿ ಡಾಕ್ಟರ್ ಬಾಯಾರ. ಬೆಲ್ಲ ಅಷ್ಟ.”

“ಎಷ್ಟು ಬೆಲ್ಲ?”

“ಅದಕ್ಯಾಕ್ರಿ ಲೆಕ್ಕ? ಅದು ಔಷಧ ಇದ್ದಂಗ ಅಲ್ಲೇನು!”

ಅನುಜಾ ಹಣೆ ಒತ್ತಿಕೊಂಡರು. “ರಕ್ತಕ್ಕ ಬಿಳೀದು ಕೆಂಪಂದು ಕಾಣ್ಸೂದಿಲ್ಲ ಕಾಕಾ. ಬೆಲ್ಲ ಹೋದ್ರೂ ಅದಕ್ಕ ಸಕ್ಕರೀನ. ಹಿಂಗ ನಡೀತಂದ್ರ ಗಾಯ ಎಲುಬಿಗೆ ಇಳೀತದ. ಆಮ್ಯಾಲ ಬೆರಳನ್ನ ತಗೀಬೇಕಾಗ್ತದ.”

ಅಂದು ಲಕ್ಷ್ಮಪ್ಪ ಮಿಷನ್ನಿನ ಮುಂದೆ ಕೂತು ಬೆರಳಿನ ಜೊತೆ ಮಾತಾಡಿದ: “ನೀ ಹೋದ್ರ ಇದನ್ನ ಯಾರಪ್ಪಾ ತುಳೀತಾರ?” ಬೆಲ್ಲವೂ ನಿಂತಿತು.

ಆಗಲೇ ತಂಗಿ ಸಾತವ್ವನ ಮಗ ವಿನಯನ ಸಾಖರಪುಡಾ ಬಂತು. ನಮ್ಮಲ್ಲಿ ನಿಶ್ಚಯ ಕಾರ್ಯಕ್ಕೆ ಇಟ್ಟ ಹೆಸರೇ ಸಕ್ಕರೆ ಪೊಟ್ಟಣ! ಎರಡೂ ಕಡೆಯ ಹಿರಿಯರು ಸಕ್ಕರೆ ಪುಡಿಕೆ ಕೈ ಬದಲಿಸಿದರೆ ಮದುವೆ ಗಟ್ಟಿ. ಅದಕ್ಕೂ ಮೊದಲು ಹಿರಿಯ ಎದ್ದು ನಿಂತರೆ ಮಾತು ಮುರಿದಂತೆ. ಹೆಣ್ಣು ಖಾನಾಪುರದ ಭರಮಣ್ಣನ ಮಗಳು ಮನಿಷಾ.

ಲಕ್ಷ್ಮಪ್ಪನೇ ಸೀಟು ಹೊಲಿದ ಕ್ರೂಸರಿನಲ್ಲಿ ಎಲ್ಲರೂ ಹೊರಟರು. ದಾರಿಯಲ್ಲಿ ಸಾತವ್ವ ಕೈ ಮುಗಿದಳು. “ಅಣ್ಣಾ, ನಿನ್ನ ಕಾಲ ಹಿಡೀತೀನಿ. ಬೀಗರ ಮನ್ಯಾಗ ತಿನ್ನಾಕ ಒಲ್ಲೆ ಅನಬ್ಯಾಡ. ಹುಡುಗಿ ಮನಸಿಗೆ ಬಂದಿಲ್ಲ ಅನಕೋತಾರ.”

“ಹಿಡಿಯವ್ವಾ. ಎಡಗಾಲೊಂದು ಬಿಟ್ಟು ಹಿಡಿ.”

ಭರಮಣ್ಣನ ಅಂಗಳದಲ್ಲಿ ಮಾವಿನ ಮರದ ಕೆಳಗೆ ಜಮಖಾನೆ ಹಾಸಿದ್ದರು. ಪೇಢೆ ಬಂತು, ಶಿರಾ ಬಂತು, ಇವರೇ ಬೆಳಗಾವಿಯಿಂದ ಹೊತ್ತು ತಂದ ಕುಂದಾ ತಿರುಗಿ ಇವರ ಮುಂದೆಯೇ ಬಂತು. ಭರಮಣ್ಣ ಬಾಣಲೆಯಂಥ ಕೈಯವನು. “ನಾಚಬ್ಯಾಡ್ರಿ ಬೀಗರ! ಇದೊಂದ ತಗೋರಿ! ನನ್ನ ಆಣಿ ಐತಿ!”

ಹಸಿದವನಿಗೆ ಒಂದು ರೊಟ್ಟಿ ಕೊಡಲು ಯಾರೂ ಇಷ್ಟು ಆಣೆ ಇಡುವುದಿಲ್ಲ. ಬೇಡವೆಂದವನ ಬಾಯಿಗೆ ಪೇಢೆ ತುರುಕಲು ಮಾತ್ರ ಇಡೀ ಕುಲದೇವರು ಸಾಕ್ಷಿಗೆ ಬರಬೇಕು.

ಲಕ್ಷ್ಮಪ್ಪ ಉಪಾಯ ಮಾಡಿಕೊಂಡೇ ಬಂದಿದ್ದ. ಕೈ ಬಾಯಿಯ ಹತ್ತಿರ ಹೋಗುತ್ತಿತ್ತು, ಬರೀ ಬಾಯಿ ಮೆಲ್ಲುತ್ತಿತ್ತು, ಪೇಢೆ ಜುಬ್ಬಾದ ಜೇಬಿಗೆ ಇಳಿಯುತ್ತಿತ್ತು. ಅದರ ಹಿಂದೆಯೇ ಕುಂದಾ ಹೋಯಿತು. ಶಿರಾ ಕೂಡ ಹೋಯಿತು. “ಏನ ರುಚಿ, ಏನ ರುಚಿ!” ಎಂದು ತುಟಿ ಬೇರೆ ಒರೆಸಿಕೊಂಡ.

ಮಾವಿನ ಮರದ ಕೆಂಪಿರುವೆಗಳಿಗೆ ಬೀಗತನದ ರೀತಿ ರಿವಾಜು ಗೊತ್ತಿರಲಿಲ್ಲ. ಭರಮಣ್ಣ ಸಕ್ಕರೆ ಪುಡಿಕೆ ಹಿಡಿದು ಎದುರು ಕೂತ ಹೊತ್ತಿಗೆ ಮೊದಲ ತಂಡ ಜೇಬು ಹೊಕ್ಕಿತು. ಜೇಬು ತುಂಬಿದ್ದರಿಂದ ಎರಡನೆಯದು ಬನಿಯನ್ನಿಗೆ ಹೊರಳಿತು.

ಲಕ್ಷ್ಮಪ್ಪ ಹಾರಿ ನಿಂತ.

ಹಿರಿಯ ಎದ್ದನೆಂದು ಗಂಡಿನ ಕಡೆಯವರೆಲ್ಲ ದಡಬಡಿಸಿ ಎದ್ದರು. ಒಬ್ಬ ಚಪ್ಪಲಿಯನ್ನೂ ಮೆಟ್ಟಿದ. ಸಾತವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಭರಮಣ್ಣನ ಮುಖ ಹಿಟ್ಟಿನಂತೆ ಬಿಳುಪಾಯಿತು.

“ಏನ ತಪ್ಪಾತ್ರಿ ಬೀಗರ? ನಮ್ಮ ಹುಡುಗೀದೇನರ…”

ಲಕ್ಷ್ಮಪ್ಪ ಕುಣಿಯುತ್ತ ಕುಣಿಯುತ್ತಲೇ ಜೇಬು ಹೊರಗೆಳೆದ. ಕುಂದಾ, ಪೇಢೆ, ಶಿರಾ, ಇರುವೆ ಎಲ್ಲವೂ ಜಮಖಾನೆಯ ಮೇಲೆ ಬಿದ್ದವು. ಇನ್ನು ಮುಚ್ಚಿಡಲು ಉಳಿದದ್ದೇನು? ಪಟ್ಟಿ ಸುತ್ತಿದ ಎಡಗಾಲನ್ನು ಎತ್ತಿ ಚಹಾದ ಸ್ಟೂಲಿನ ಮೇಲೆ ಇಟ್ಟುಬಿಟ್ಟ.

“ಹುಡುಗಿ ಬಂಗಾರ ಐತ್ರಿ. ತಪ್ಪು ಈ ಬೆರಳಿಂದು. ಇದಕ್ಕ ಸಕ್ಕರಿ ಆಗೂದಿಲ್ಲ. ಇದು ಹೋದ್ರ ನನ್ನ ಮಿಷನ್ ನಿಂತಂಗ.”

ಅಂಗಳದ ಮೂಲೆಯಿಂದ ಒಬ್ಬ ಹೇಳಿದ: “ನಂದೂ ಸಕ್ಕರಿ ಎರಡನೂರಾ ನಲವತ್ತು ಐತಿ.” ಇನ್ನೊಬ್ಬ, “ಅದೇನ ಮಹಾ, ನಂದು ಎರಡನೂರಾ ಎಂಬತ್ತು!” ಭರಮಣ್ಣ ಎದೆಯುಬ್ಬಿಸಿದ. “ನಂದು ಮುನ್ನೂರ ದಾಟೇತಿ!” ಹೊಲದ ಎಕರೆ ಹೇಳಿದ ಹಾಗೆ ಹೇಳಿದ. ಪ್ರತಿಯೊಬ್ಬನ ಬಾಯಲ್ಲೂ ಪೇಢೆಯಿತ್ತು.

ಭರಮಣ್ಣನ ಹೆಂಡತಿ ಚಂದ್ರವ್ವ ಗಂಡನ ಕೈಯಿಂದ ಪೇಢೆ ಕಸಿದಳು. “ಪರೀಕ್ಷಾದಾಗ ಬಂದ ಮಾರ್ಕ್ಸ ಏನ್ರಿ ಅದು? ಮೊನ್ನೆ ಕಣ್ಣ ಮಂಜು ಅಂತ ಎಮ್ಮಿಗೆ ‘ಬರ್ರಿ ಕುಂದರ್ರಿ’ ಅಂದೀರಿ!”

ಅಂಗಳವೆಲ್ಲ ನಕ್ಕಿತು. ಆ ನಗುವಿನ ನಡುವೆ ಮನಿಷಾ ಒಳಗಿನಿಂದ ಟ್ರೇ ಹಿಡಿದು ಬಂದಳು. ಚಹಾ ಬೇರೆ, ಸಕ್ಕರೆ ಬಟ್ಟಲು ಬೇರೆ. ಲಕ್ಷ್ಮಪ್ಪನ ಮುಂದೆ ಬಾಗಿ ಕೇಳಿದಳು:

“ಮಾಮಾ, ನಿಮ್ಗ ಸಕ್ಕರಿ ಎಷ್ಟ ಹಾಕ್ಲಿ?”

ಲಕ್ಷ್ಮಪ್ಪ ಸ್ಟೂಲಿನ ಮೇಲಿದ್ದ ಕಾಲನ್ನು ಕೆಳಗಿಳಿಸಿದ. “ಏನೂ ಬ್ಯಾಡವ್ವಾ.” ಅವಳು ಒತ್ತಾಯ ಮಾಡಲಿಲ್ಲ. ಕಪ್ಪು ಕೊಟ್ಟು ಮುಂದೆ ಹೋದಳು.

ಅವನು ಕೂತ. ಬಳಗವೆಲ್ಲ ಕೂತಿತು. “ಸಾತವ್ವಾ, ಇಂಥಾ ಸೊಸಿ ನಿಂಗ ಬೆಳಗಾವಿ ಎಲ್ಲಾ ಹುಡುಕಿದ್ರೂ ಸಿಗೂದಿಲ್ಲ” ಎಂದು ಪುಡಿಕೆ ತೆಗೆದುಕೊಂಡು ಹಣೆಗೆ ಒತ್ತಿ, ಬಿಚ್ಚದೆ ತಂಗಿಯ ಉಡಿಗೆ ಹಾಕಿದ. ಮದುವೆ ಗಟ್ಟಿಯಾಯಿತು. ಪುಡಿಕೆಯ ಒಂದು ಹರಳು ಸಕ್ಕರೆಯೂ ಯಾರ ಬಾಯಿಗೂ ಬೀಳಲಿಲ್ಲ, ಆಕಾಶವೂ ಬೀಳಲಿಲ್ಲ.

ಮದುವೆಯ ಹೊತ್ತಿಗೆ ಗಾಯ ಮಾದಿತ್ತು. ಊಟವಾದ ಮೇಲಿನ ತೂಕಡಿಕೆ ಹೋಗಿ, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು ತಪ್ಪಿ, ಸೂಜಿಗೆ ದಾರ ಒಂದೇ ಸಲಕ್ಕೆ ಹೋಗತೊಡಗಿತು. ಗುಳಿಗೆ ನುಂಗುತ್ತಾನೆ, ಹಬ್ಬಕ್ಕೆ ಅನುಜಾ ಒಪ್ಪಿದಷ್ಟು ಹೋಳಿಗೆಯ ಚೂರು ತಿನ್ನುತ್ತಾನೆ, ಅಲ್ಲಿಗೆ ಸಾಕು. ಎಡಗಾಲಿನ ಹೆಬ್ಬೆರಳು ಮಿಷನ್ನು ತುಳಿಯುತ್ತಲೇ ಇದೆ.

ಅದನ್ನು ಉಳಿಸಿದ್ದರಲ್ಲಿ ಡಾಕ್ಟರ ಪಾಲಿದೆ, ಅವನ ಹಟದ ಪಾಲೂ ಇದೆ. ಬೀಗರ ಮನೆಯ ಪಾಲೆಂದರೆ ಒಬ್ಬ ಹುಡುಗಿಯ ಒಂದು ಪ್ರಶ್ನೆ. ಅದಕ್ಕೆ ಕಾಸಿನ ಖರ್ಚಿಲ್ಲ. ನಾಳೆ ನಿಮ್ಮ ಮನೆಗೆ ಯಾರಾದರೂ ಬಂದರೆ, ಪಾತ್ರೆ ಒಲೆಯ ಮೇಲಿಡುವ ಮೊದಲು ಅದನ್ನೇ ಕೇಳಿ. ಬೇಡ ಎಂದರೆ ಆಣೆ ಇಡಬೇಡಿ, ಆ ಚಮಚ ಕೆಳಗಿಡಿ.