ಅಳಿವೆಯ ಕೊನೆಯ ಕಂಬ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ದೋಣಿಯ ಎಂಜಿನ್ ನಿಂತಿತು. ಆಗಷ್ಟೇ ಫೋಟೊ ತೆಗೆದಿದ್ದೆ. ಸಮಯ ಅದರಲ್ಲೇ ಇದೆ.

ಅಪ್ಪ-ಅಮ್ಮನನ್ನು ಶಿರಸಿ ಹತ್ತಿರದ ಎಕ್ಕಂಬಿಯಿಂದ ಹೊನ್ನಾವರಕ್ಕೆ ಕರೆತಂದವಳು ನಾನು. ಕಾಲೇಜಿನಲ್ಲಿ ಇತಿಹಾಸ ಓದಿದ ಹೆಮ್ಮೆ ಬೇರೆ. ನಮ್ಮ ಕಡೆಯ ಕಾಳುಮೆಣಸು ಎತ್ತಿನ ಬೆನ್ನ ಮೇಲೆ ಘಟ್ಟ ಇಳಿದು ಇಲ್ಲಿಂದಲೇ ಹಡಗು ಹತ್ತುತ್ತಿತ್ತು ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಹಳೆಯ ಬಂದರು ನೋಡಿಯಾದ ಮೇಲೆ, ಶರಾವತಿ ಸಮುದ್ರ ಸೇರುವ ಅಳಿವೆಯನ್ನೂ ನೋಡಬೇಕೆಂದೆ. "ಇಳಿತ ಶುರುವಾಯ್ತು, ನಾಳೆ ಬೆಳಿಗ್ಗೆ ಬನ್ನಿ" ಅಂದ ದೋಣಿಯವನು. ಸಂಜೆ ಬಸ್ಸಿದೆ, ಬೇಗ ಹೋಗಿಬರೋಣ ಎಂದು ಹಟ ಮಾಡಿದವಳೂ ನಾನೇ.

ಅಪ್ಪ ಜೀವನವಿಡೀ ಅಡಿಕೆ ಮರ ಹತ್ತಿ ಗೊನೆ ಕೊಯ್ದವರು. ನೆಲಕ್ಕಿಳಿಯದೆ, ಕೊಕ್ಕೆಯ ದೋಟಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ದಾಟುವವರು. ನೀರೆಂದರೆ ಮಾತ್ರ ಭಯ. ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತಿದ್ದರು.

"ಮರದ ತುದೀಲಿ ಮಂಗ, ದೋಣೀಲಿ ಬೆಕ್ಕು" ಎಂದು ಅಮ್ಮ ಛೇಡಿಸಿದಳು.

"ಸುಮ್ನಿರೇ ಮಾರಾಯ್ತಿ. ಮರಕ್ಕೆ ಬೇರಾದ್ರೂ ಇರ್ತದೆ. ಇದ್ಕೆ ಎಂತ ಅದೆ?"

ಎಂಜಿನ್ ನಿಂತದ್ದು ಆಗಲೇ. ನದಿ ನಮ್ಮನ್ನು ಸಮುದ್ರದತ್ತ ಎಳೆಯತೊಡಗಿತು. ಎಸೆದ ಲಂಗರು ಮರಳಿನಲ್ಲಿ ಕಚ್ಚಲಿಲ್ಲ. ಮುಂದೆ ಅಳಿವೆಯ ಬಾಯಲ್ಲಿ ತೆರೆಗಳು ಬೆಳ್ಳಗೆ ಒಡೆಯುತ್ತಿದ್ದವು. "ಅಲ್ಲಿಗೆ ಸಿಕ್ರೆ ಮಗುಚ್ತದೆ" ಅಂದ ದೋಣಿಯವನು. ಬಲೆ ಕಟ್ಟಲು ನೆಟ್ಟ ಕಂಬಗಳ ಸಾಲು ಪಕ್ಕದಲ್ಲೇ ಹಿಂದೆ ಸರಿಯುತ್ತಿತ್ತು. ಅವನು ಕೊಕ್ಕೆಯ ಗಳ ಚಾಚಿ ಎರಡು ಸಲ ತಪ್ಪಿದ.

ಅಪ್ಪ ಎದ್ದು ಗಳ ಕಸಿದುಕೊಂಡರು.

"ದೋಣಿ ಆಚೆ ಹೊರಳ್ವಾಗ ಚಾಚ್ಬಾರ್ದು ತಮ್ಮಾ. ಕಂಬದ ಕಡೆ ಬರ್ವಾಗ ಚಾಚ್ಬೇಕು."

ಒಂದು ಕಂಬ ಹೋಯಿತು. ಅಪ್ಪ ಕದಲಲಿಲ್ಲ. ಇನ್ನೊಂದೂ ಹೋಯಿತು.

"ಹಿಡೀರೀ!" ಅಮ್ಮ ಕಿರುಚಿದಳು.

ಉಳಿದದ್ದು ಒಂದೇ. ಅಲೆಗೆ ದೋಣಿ ಕಂಬದತ್ತ ಓಲಿತು. ಕೊಕ್ಕೆ ಕಚ್ಚಿತು. ಮರವನ್ನು ಎಳೆದಂತೆಯೇ ಎಳೆದರು. ಕಂಬ ಬರಲಿಲ್ಲ, ನಾವೇ ಹೋದೆವು. ದೋಣಿಯವನು ಹಗ್ಗ ಸುತ್ತಿ ಬಿಗಿದ.

ಮೀನಿನ ಬೋಟೊಂದು ನಮ್ಮನ್ನು ಎಳೆದು ತಂದಿತು. ಅಪ್ಪ ಗಳ ಹಿಡಿದೇ ಬಂದರಿನ ದಕ್ಕೆಗೆ ಇಳಿದರು. ಬೋಟಿನವರೆಲ್ಲ ಬೆನ್ನು ತಟ್ಟುವವರೇ.

"ಎಲ್ಲಿ ಕಲಿತ್ರಿ ಇದು?"

"ಎಕ್ಕಂಬೀಲಿ."

"ಅಲ್ಲಿ ಸಮುದ್ರ ಎಲ್ಲಿ ಅದೆ?"

"ಮಂಗ ಅಂದಿದ್ದು ಸುಳ್ಳಾ?" ಅಮ್ಮ ಅಳುತ್ತಲೇ ನಕ್ಕಳು.

ಬಸ್ಸು ಘಟ್ಟ ಹತ್ತುವ ಮೊದಲೇ ಅಪ್ಪ ಗೊರಕೆ ಹೊಡೆದರು. ನನಗೆ ಮಾತ್ರ ಅಂದಿನಿಂದ ದಿನಾ ರಾತ್ರಿ ಕಣ್ಣು ಮುಚ್ಚಿದರೆ ಕಂಬಗಳು. ಎರಡನೆಯದು ಹೋದಕೂಡಲೇ ಎಚ್ಚರ. ಮೂರನೆಯ ವಾರ ಅಪ್ಪನೇ ಕೇಳಿದರು: "ಬೆಳಿಗ್ಗೆ ಬನ್ನಿ ಅಂದಿದ್ನಲ್ಲ ಅಂವ, ಯಾವಾಗ ಹೋಗೂದು?"

ಹೋದೆವು. ನದಿ ತುಂಬಿದ ಭರತದಲ್ಲಿ, ಅದೇ ದೋಣಿಯಲ್ಲಿ. ಆ ಕಂಬವನ್ನು ದಾಟಿ, ಮೆಣಸಿನ ಹಡಗುಗಳು ಹೊರಬಿದ್ದ ಜಾಗವನ್ನು ನೋಡಿದೆವು. ಅಪ್ಪ ಒಂದೇ ಕೈಯಲ್ಲಿ ಹಲಗೆ ಹಿಡಿದಿದ್ದರು. ಅಂದು ಶನಿವಾರ. ಭಾನುವಾರ ನನ್ನನ್ನು ಎಬ್ಬಿಸಿದ್ದು ಕಂಬವಲ್ಲ, ಬಿಸಿಲು.