ಉಣ್ಣುವ ಹೊತ್ತಿಗೆ ಬಂದ ದಂಡು

ಯಶವಂತಪುರದಿಂದ ಮತ್ತಿಕೆರೆಗೆ ಹೋಗುವ ರಸ್ತೆಯಲ್ಲಿ, ಸೌದೆ ಡಿಪೋ ಪಕ್ಕದ ಹೆಂಚಿನ ಮನೆಯಲ್ಲಿ ರತ್ನವ್ವನ ಖಾನಾವಳಿ ಇತ್ತು. ಬೋರ್ಡು ಇರಲಿಲ್ಲ. ಬೋರ್ಡು ಓದಿ ಊಟಕ್ಕೆ ಬರುವಂಥವರು ಆ ಕಡೆ ಸುಳಿಯುತ್ತಲೂ ಇರಲಿಲ್ಲ. ಗದಗ, ರೋಣ, ಬಾದಾಮಿ ಕಡೆಯಿಂದ ಬಂದು ಫ್ಯಾಕ್ಟರಿ ಸೇರಿದ ಹುಡುಗರು, ಬೆಂಗಳೂರಿನ ಹೋಟೆಲುಗಳ ತಿಳಿಸಾರು ಉಂಡೂ ಉಂಡೂ ಹೊಟ್ಟೆ ತುಂಬದೆ, ರೊಟ್ಟಿ ಬಡಿಯುವ ಸದ್ದು ಕೇಳಿಕೊಂಡು ಬಂದು ಇಲ್ಲಿ ಸಾಲಾಗಿ ಕೂರುತ್ತಿದ್ದರು.

ರತ್ನವ್ವನ ಗಂಡ ಕಾಡಪ್ಪ ಎರಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಎಪ್ಪತ್ತರ ದಶಕದ ಮೊದಲಲ್ಲಿ ಅವಳನ್ನು ರೋಣದಿಂದ ಕರೆತಂದವನು. ಕೆಲವೇ ವರ್ಷಗಳಲ್ಲಿ ಎದೆ ತುಂಬ ಹೊಗೆ ಕಟ್ಟಿಕೊಂಡು, ಕೆಮ್ಮಿ ಕೆಮ್ಮಿ ತೀರಿಹೋದ. ಮಣ್ಣು ಮಾಡಿ ಬಂದ ಮೇಲೆ ಮೈದುನ ಅಂಗಳದಲ್ಲಿ ನಿಂತು, "ಊರಿಗೆ ನಡಿ ವೈನಿ" ಎಂದ.

"ಊರಿಗೆ ಬಂದು ನಿಮ್ಮ ದನದ ಸೆಗಣಿ ಬಳೀಲೇನು? ನನಗ ರಟ್ಟಿ ಅದಾವು, ಇಲ್ಲೇ ದುಡೀತೀನಿ" ಎಂದು ಅವನನ್ನು ಅದೇ ಸಂಜೆಯ ರೈಲು ಹತ್ತಿಸಿದಳು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಇಬ್ಬರಿಗೆ ರೊಟ್ಟಿ ಮಾಡಿಕೊಡುವುದರಿಂದ ಶುರುವಾದದ್ದು ಖಾನಾವಳಿಯಾಗಿ ಬೆಳೆಯಿತು. ಗಂಡ ಬಿಟ್ಟಿದ್ದ ಅಕ್ಕ ನೀಲಕ್ಕ ಊರಿನಿಂದ ಬಂದು ಒಲೆಯ ಮುಂದೆ ಕೂತಳು. ನೀಲಕ್ಕನ ಕೈಯಲ್ಲಿ ರೊಟ್ಟಿ, ರತ್ನವ್ವನ ಬಾಯಲ್ಲಿ ಬೈಗುಳ. ಎರಡೂ ಬಿಸಿಬಿಸಿ ಬೇಕೆಂದು ಹುಡುಗರು ಬರುತ್ತಿದ್ದರು.

ಅವರ ನಡುವೆ ದಿನವೂ ಮಧ್ಯಾಹ್ನ ಒಬ್ಬ ಪೊಲೀಸಪ್ಪನೂ ಬಂದು ಕೂರುತ್ತಿದ್ದ. ಆ ಬಡಾವಣೆಯ ಠಾಣೆಯ ಪೇದೆ ಕೃಷ್ಣಯ್ಯ, ಹೆಸರಘಟ್ಟದ ಕಡೆಯವನು. ಮುದ್ದೆ ನುಂಗಿ ಬೆಳೆದ ಮನುಷ್ಯ ಅದು ಹೇಗೋ ಜೋಳದ ರೊಟ್ಟಿಯ ರುಚಿಗೆ ಬಿದ್ದಿದ್ದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು ಮೊಳಕಾಲ ಮೇಲಿಟ್ಟುಕೊಂಡು, ಯಾರ ಮನೆಯಲ್ಲಿ ಜಗಳ, ಯಾರ ಹುಡುಗ ಓಡಿಹೋದ, ಎಲ್ಲವನ್ನೂ ಹೇಳಿ, ಎಲ್ಲವನ್ನೂ ಕೇಳಿ ಹೋಗುತ್ತಿದ್ದ.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ವರ್ಷ ಫ್ಯಾಕ್ಟರಿಯೊಂದರಲ್ಲಿ ದೊಡ್ಡ ಮುಷ್ಕರ ನಡೆಯಿತು. ಖಾನಾವಳಿಯಲ್ಲಿ ಉಣ್ಣುತ್ತಿದ್ದ ವೀರಬಸಪ್ಪ ಅಲ್ಲಿ ಲೇತ್ ಕೆಲಸದವನು. ಯೂನಿಯನ್ನಿನಲ್ಲಿ ಭಾಷಣ ಮಾಡುವವನೂ ಅವನೇ. ಮಾತು ಗಟ್ಟಿ, ಮೈ ಕಡ್ಡಿ. ಗೇಟಿನ ಮುಂದೆ ಗಲಾಟೆಯಾಗಿ ಒಂದು ಬಸ್ಸಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರೋ ಯಾರಿಗೂ ಗೊತ್ತಿಲ್ಲ. ಆದರೆ ಬಸ್ಸು ಸುಟ್ಟ ಮೇಲೆ ಭಾಷಣ ಮಾಡಿದವನ ಹೆಸರು ಬೇಕೇಬೇಕಲ್ಲ.

"ವೀರಬಸಪ್ಪ, ನಾಳೆ ಬೆಳಿಗ್ಗೆ ಸ್ಟೇಷನ್ ಕಡೆ ಬಂದ್ಬಿಡು ಮಾರಾಯ" ಎಂದು ಕೃಷ್ಣಯ್ಯ ರೊಟ್ಟಿ ಮುರಿಯುತ್ತಾ ಹೇಳಿದ. "ಇನ್‌ಸ್ಪೆಕ್ಟರು ಏನೋ ಕೇಳ್ಬೇಕಂತೆ."

"ಬರ್ತೀನ್ರಿ" ಎಂದ ವೀರಬಸಪ್ಪ. ಮಾರನೆಯ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ನಡೆದೇ ಠಾಣೆಗೆ ಹೋದ. ಇನ್‌ಸ್ಪೆಕ್ಟರು ಬಂದಿರಲಿಲ್ಲ. ಬೆಂಚಿನ ಮೇಲೆ ಕಾಯುತ್ತಾ ಕೂತ.

ಇದು ಹೀಗೆ ನಡೆದಿರಲು, ನಗರದ ನಡುವೆ ದೊಡ್ಡ ಕಟ್ಟಡವೊಂದರಲ್ಲಿ ಬೇರೆಯೇ ಲೆಕ್ಕಾಚಾರ ನಡೆದಿತ್ತು. ಆಗಷ್ಟೇ ಕಟ್ಟಿದ್ದ ಒಂದು ವಿಶೇಷ ದಳಕ್ಕೆ ತಲೆಗೆ ಕಬ್ಬಿಣದ ಟೋಪಿ, ಕೈಗೆ ಬೆತ್ತದ ಗುರಾಣಿ, ಬಂದೂಕು, ಹೊಸ ವ್ಯಾನು ಎಲ್ಲ ಬಂದಿತ್ತು. ಗಡಿಯಲ್ಲಿ ಶತ್ರುವಿನ ಮೇಲೆ ಬೀಳುವವರ ಹಾಗೆ ಮನೆಯೊಂದರ ಮೇಲೆ ಬೀಳುವುದು ಹೇಗೆಂದು ಅವರಿಗೆ ತಿಂಗಳುಗಟ್ಟಲೆ ಕಲಿಸಿದ್ದರು. ಇಷ್ಟೆಲ್ಲ ಕಲಿತ ಮೇಲೆ ಬೀಳಲು ಒಂದು ಮನೆ ಬೇಡವೇ? ಯಾವನೋ ಬಾತ್ಮೀದಾರ ಹೋಗಿ, ಮತ್ತಿಕೆರೆ ರಸ್ತೆಯ ಖಾನಾವಳಿಗೆ ಊರಿನಿಂದ ರೈಲಿನಲ್ಲಿ ಡಬ್ಬಿಗಟ್ಟಲೆ ಸಿಡಿಗುಂಡು ಬಂದಿವೆ, ತರಿಸಿದವನು ವೀರಬಸಪ್ಪ ಎಂದು ಹೇಳಿದ್ದ. ಬಂದದ್ದು ಉಂಡಿ. ಪಂಚಮಿಗೆ ಹುಡುಗರ ಮನೆಗಳಿಂದ ಬಂದ ಶೇಂಗಾದ ಉಂಡಿ, ಎಳ್ಳಿನ ಉಂಡಿ. ವಿಷಯ ಬಹಳ ಗುಟ್ಟಿನದೆಂದು ದಳದ ಸಾಹೇಬರು ಸ್ಥಳೀಯ ಠಾಣೆಗೂ ಒಂದು ಮಾತು ತಿಳಿಸಲಿಲ್ಲ.

ಮಧ್ಯಾಹ್ನ, ಪಂಕ್ತಿ ತುಂಬಿ ಎಲ್ಲರೂ ಉಣ್ಣಲು ಕೂತಿದ್ದ ಹೊತ್ತು. ವ್ಯಾನುಗಳು ಬಂದು ನಿಂತವು. ಗೇಟು ತೆರೆದೇ ಇತ್ತು. ಆದರೂ ಅರ್ಧ ಮಂದಿ ಕಾಂಪೌಂಡು ಹತ್ತಿ ಹಾರಿದರು. ಒಬ್ಬನ ಪ್ಯಾಂಟು ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿ ಪರ್‍ರನೆ ಹರಿಯಿತು. ಕದಕ್ಕೆ ಚಿಲಕ ಇರಲಿಲ್ಲ, ನೊಣ ಬರಬಾರದೆಂದು ಸುಮ್ಮನೆ ಮುಂದೆ ಮಾಡಿತ್ತು. ಅದನ್ನು ಒಡೆಯಲು ಪಕ್ಕದ ಡಿಪೋದಿಂದ ಒಂದು ದಿಮ್ಮಿ ಎತ್ತಿಕೊಂಡರು. "ಸಾಬ್, ಕದ ತಳ್ಳಿದ್ರೆ ಸಾಕು, ತಾನೇ ತೆಗೀತದೆ!" ಎಂದು ಡಿಪೋದ ಅಕ್ಬರ್ ಪಾಷಾ ಕೂಗಿದರೆ ಅವನ ಎದೆಗೇ ಬಂದೂಕು ತಿರುಗಿಸಿದರು.

ಕದ ಚೌಕಟ್ಟಿನ ಸಮೇತ ಒಳಗೆ ಬಿತ್ತು. "ಎಲ್ಲಾ ಮಲಗ್ರೋ! ಕೆಳಗೆ ಮಲಗ್ರೋ!" ಎಂದು ಹತ್ತು ಬಾಯಿ ಒಟ್ಟಿಗೆ ಅರಚಿದವು. ಹುಡುಗರು ತಾಟುಗಳ ಮೇಲೇ ಬೋರಲು ಬಿದ್ದರು. ಅಡಿಗೆಮನೆಗೆ ನುಗ್ಗಿದವನೊಬ್ಬ ಗುರಾಣಿಯನ್ನು ಮುಖದ ಮುಂದೆ ಹಿಡಿದಿದ್ದರಿಂದ ಅವನಿಗೆ ಒಲೆಯೂ ಕಾಣಲಿಲ್ಲ, ಒಲೆಯ ಮುಂದೆ ಕೂತವಳೂ ಕಾಣಲಿಲ್ಲ. ಬೇಳೆಯ ಬೋಗುಣಿ ಮಗುಚಿತು. ಕುದಿಯುವ ಬೇಳೆ ನೀಲಕ್ಕನ ಎಡಗಾಲಿನ ಮೇಲೆ, ತೊಡೆಯಿಂದ ಪಾದದವರೆಗೆ ಸುರಿಯಿತು.

ನೀಲಕ್ಕ ಕೂಗಲಿಲ್ಲ. "ರತ್ನೀ" ಎಂದಳು, ಅಷ್ಟೇ.

ರತ್ನವ್ವ ಅವಳ ಕಡೆ ಓಡಿದರೆ ತಡೆದರು. ಅವಳು ತಡೆದವನ ಕೈ ಕಚ್ಚಿದಳು. ಅಕ್ಕನ ಕಾಲಿಗೆ ಕೊಡದ ನೀರು ಸುರಿಯುತ್ತಿದ್ದಾಗ, ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಇಬ್ಬರು ಪೊಲೀಸರು ಉಸಿರು ಬಿಗಿಹಿಡಿದು, ಉಂಡಿಗಳನ್ನು ಒಂದೊಂದಾಗಿ ಬಕೆಟ್ಟಿನ ನೀರಿಗೆ ಇಳಿಸುತ್ತಿದ್ದರು.

"ಅವು ತಿನ್ನೂವಪಾ, ಸಿಡಿಯೂವಲ್ಲ!" ಎಂದು ರತ್ನವ್ವ ಅಳುತ್ತಲೇ ಚೀರಿದಳು. "ನಿಮ್ಮವ್ವ ನಿಮಗ ಒಂದರ ಮಾಡಿ ಕೊಟ್ಟಿಲ್ಲೇನು?"

ಸಾಹೇಬರು ಕಡೆಗೆ ಒಳಗೆ ಬಂದರು. ಕೈಯಲ್ಲಿ ಸಣ್ಣ ಬೆತ್ತ. "ವೀರಬಸಪ್ಪ ಎಲ್ಲಿ?"

"ನಿಮ್ಮ ಠಾಣೆದಾಗ ಕುಂತಾನ."

ಸಾಹೇಬರಿಗೆ ಇದು ಕುಚೋದ್ಯ ಎನಿಸಿತು. ಮೂವರು ಹುಡುಗರನ್ನು ವ್ಯಾನಿಗೆ ಎತ್ತಿ ಹಾಕಿಸಿ, ಬಾಯಿ ಬಿಡಿಸಲು ಠಾಣೆಗೆ ಕರೆದೊಯ್ದರು. ಅಲ್ಲಿ ಬಾಗಿಲ ಪಕ್ಕದ ಬೆಂಚಿನ ಮೇಲೆ ವೀರಬಸಪ್ಪ ಕೂತಿದ್ದ. ಕೃಷ್ಣಯ್ಯ ಅವನಿಗೆ ಚಹಾ ತರಿಸಿಕೊಟ್ಟಿದ್ದ. ಸಾಹೇಬರನ್ನು ನೋಡಿ ವೀರಬಸಪ್ಪ ಲೋಟ ಕೆಳಗಿಟ್ಟು ಎದ್ದು ನಮಸ್ಕಾರ ಮಾಡಿದ.

ಮರುದಿನದ ಒಂದು ಪತ್ರಿಕೆಯಲ್ಲಿ ಬಂದದ್ದು: ಮಿಂಚಿನ ದಾಳಿ, ಮುಖಂಡನ ಸೆರೆ.

ನೀಲಕ್ಕನನ್ನು ಆಸ್ಪತ್ರೆಗೆ ಒಯ್ದವನು ಅಕ್ಬರ್ ಪಾಷಾ. ಸೌದೆ ತುಂಬಿದ್ದ ಟೆಂಪೋವನ್ನು ರಸ್ತೆಯಲ್ಲೇ ಖಾಲಿ ಮಾಡಿಸಿ, ತನ್ನ ಮನೆಯ ಹಾಸಿಗೆ ಹಾಸಿ, ತಾನೇ ಓಡಿಸಿದ. ವ್ಯಾನುಗಳಲ್ಲಿ ಬೇಕಾದಷ್ಟು ಜಾಗವಿತ್ತು. ಆದರೆ ಅವು ದಾಳಿಗೆ ಬಂದ ಗಾಡಿಗಳು, ಮೈ ಸುಟ್ಟ ಹೆಂಗಸರನ್ನು ಸಾಗಿಸುವುದನ್ನು ದಳದವರಿಗೆ ಯಾರೂ ಕಲಿಸಿರಲಿಲ್ಲ.

ಆಸ್ಪತ್ರೆಯಲ್ಲಿ ದೀಪಾವಳಿಯೂ ಕಳೆಯಿತು. ಮೂವರು ಹುಡುಗರನ್ನೂ ವೀರಬಸಪ್ಪನನ್ನೂ ಏನೂ ಸಾಬೀತಾಗದೆ ಬಿಟ್ಟರು, ಫ್ಯಾಕ್ಟರಿಯವರು ಮಾತ್ರ ವೀರಬಸಪ್ಪನನ್ನು ತಿರುಗಿ ಸೇರಿಸಿಕೊಳ್ಳಲಿಲ್ಲ. ಮನೆಯ ಯಜಮಾನ ಮುನಿಗಂಗಪ್ಪ, ಅದೇ ನೆಲದಲ್ಲಿ ಹಿಂದೆ ರಾಗಿ ಬೆಳೆದು ಈಗ ಬಾಡಿಗೆ ಎಣಿಸುವವನು, ಬಿದ್ದ ಕದವನ್ನು ಸುತ್ತು ಹಾಕಿ ನೋಡಿ, "ಇಂಗೆ ಪೋಲೀಸ್ನೋರು ಬಂದೋದ ಮನೆ ಅಂದ್ರೆ ನಾಳೀಕೆ ಯಾರವ್ವಾ ಬರ್ತಾರೆ? ನೀವು ಬ್ಯಾರೆ ಕಡೆ ನೋಡ್ಕಳಿ" ಎಂದ. ತಪ್ಪು ಮಾಡಿದವರು ವ್ಯಾನಿನಲ್ಲಿ ಹೋಗಿದ್ದರು. ಮನೆ ಬಿಡಬೇಕಾದವಳು ರತ್ನವ್ವ.

ಆ ನಡುವೆ ಒಂದು ಸಂಗತಿಯಾಯಿತು. ಈ ದಾಳಿಯ ಬಗ್ಗೆ ಊರಲ್ಲಿ ಮಾತು ಹುಟ್ಟಿತ್ತು. ಆರ್.ಟಿ. ನಗರದ ಸಂಘವೊಂದು ಭಾನುವಾರ ಚರ್ಚೆ ಏರ್ಪಡಿಸಿತು: ಪೊಲೀಸರು ಸೈನಿಕರಂತೆ ದಾಳಿ ಮಾಡುವುದು ಸರಿಯೇ? ಒಂದು ಕಡೆಗೆ ವಕೀಲರೊಬ್ಬರು, ಇನ್ನೊಂದು ಕಡೆಗೆ ಆ ದಳದ ಸಾಹೇಬರೇ. ಸಂಘದವರು ಬಂದು ರತ್ನವ್ವನನ್ನೂ ಕರೆದರು. ಅವಳು ಇದ್ದುದರಲ್ಲಿ ಒಳ್ಳೆಯ ಇಳಕಲ್ಲ ಸೀರೆ ಉಟ್ಟು, ತಾನು ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದಳು.

ವಕೀಲರು ಬಹಳ ಹೊತ್ತು ಮಾತಾಡಿದರು. ಲಂಡನ್ನಿನ ಪೊಲೀಸರ ಕೈಯಲ್ಲಿ ಬಂದೂಕಿಲ್ಲ ಎಂದರು, ಸಂವಿಧಾನ ಎಂದರು, ಆ ದೇಶ ಈ ದೇಶ ಎಂದರು. ನೀಲಕ್ಕನನ್ನು 'ಸದರಿ ಮಹಿಳೆ' ಎಂದರು. ಸಾಹೇಬರು ಎದ್ದು ನಗುತ್ತಲೇ, ಕಾಲ ಕೆಟ್ಟಿದೆ ಎಂದರು, ಪಂಜಾಬ್ ನೋಡಿ ಎಂದರು, ಒಂದು ಕ್ಷಣ ತಡಮಾಡಿದರೆ ತಮ್ಮ ಹುಡುಗರ ಹೆಂಡಂದಿರು ವಿಧವೆಯರಾಗುತ್ತಾರೆ ಎಂದರು. ಮುಂದಿನ ಸಾಲಿನ ನಿವೃತ್ತರು ತಲೆದೂಗಿದರು. ಅವರ ಮನೆಗಳ ಕದಗಳೆಲ್ಲ ತೇಗದವು, ಯಾರಾದರೂ ಒಡೆದಾರೆಂಬ ಭಯವಿರಲಿಲ್ಲ.

ಕೊನೆಗೆ ರತ್ನವ್ವನನ್ನು ಎಬ್ಬಿಸಿದರು. ಬಸ್ಸಿನಲ್ಲಿ ಹೇಳಿಕೊಂಡದ್ದು ಒಂದೂ ನೆನಪಾಗಲಿಲ್ಲ.

"ನಮ್ಮ ಮನಿ ಕದಕ್ಕ ಚಿಲಕಾ ಹಾಕಿದ್ದಿಲ್ಲರಿ" ಎಂದಳು. "ತಳ್ಳಿದ್ದರ ತಗೀತಿತ್ತು."

"ನೋಡಿ ತಾಯಿ," ಎಂದು ಸಾಹೇಬರು ಸಮಾಧಾನದ ದನಿಯಲ್ಲಿ ಹೇಳಿದರು, "ಚಿಲಕ ಇದ್ಯಾ ಇಲ್ವಾ ಅಂತ ತಳ್ಳಿ ನೋಡ್ತಾ ನಿಂತ್ರೆ ಅದು ರೇಡ್ ಅಲ್ಲ, ನೆಂಟರ ಮನೆಗೆ ಹೋದ ಹಾಗೆ."

ಸಭೆ ನಕ್ಕಿತು. ವಕೀಲರೂ ನಕ್ಕರು. ರತ್ನವ್ವ ಸಾಹೇಬರ ಕಡೆಗೇ ತಿರುಗಿದಳು.

"ನಿಮ್ಮ ಕೃಷ್ಣಯ್ಯ ದಿನಾ ಹಂಗ ಬರತಿದ್ದನಲ್ಲರಿ! ಟೊಪಿಗಿ ತಗದು, ಕೈ ತೊಳಕೊಂಡು! ಅಂವ ಕರದದ್ದಕ್ಕ ಹುಡುಗ ತಾನ ನಡಕೊಂತ ಬಂದಾನ. ಅಂವಗ ಬಂದೂಕ ಬೇಕಾಗಲಿಲ್ಲ. ನಿಮಗ್ಯಾಕ ಬೇಕಾತು? ಎರಡು ಗಾಡಿ ಮಂದಿ ಬಂದು ನೀವು ಹಿಡದದ್ದು ಏನು, ನಮ್ಮಕ್ಕನ ಕಾಲು! ಗಂಡಸರಂತ, ದಳ ಅಂತ! ಥೂ ನಿಮ್ಮ!"

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಅಧ್ಯಕ್ಷರು ಎದ್ದು, ತಾಯಿಯ ನೋವು ಎಲ್ಲರಿಗೂ ಅರ್ಥವಾಗುತ್ತದೆ, ಎರಡೂ ಪಕ್ಷದಲ್ಲಿ ಸತ್ಯವಿದೆ ಎಂದು ವಂದನಾರ್ಪಣೆ ಮಾಡಿದರು. ಕಾಫಿ ಬಂತು. ಸಾಹೇಬರೂ ವಕೀಲರೂ ಒಂದೇ ತಟ್ಟೆಯಿಂದ ಬಿಸ್ಕತ್ತು ತೆಗೆದುಕೊಂಡು, ಯಾರದೋ ಮಗಳ ಮದುವೆಯ ಮಾತಾಡುತ್ತಾ ನಿಂತರು. ರತ್ನವ್ವ ಕಾಫಿ ಮುಟ್ಟದೆ ಹೊರಟಳು. ಚಪ್ಪಾಳೆ ಬಿದ್ದಾಗ ತನಗೆ ಒಂದು ಗಳಿಗೆ ಹಿತವೆನಿಸಿತ್ತಲ್ಲ, ಅದಕ್ಕೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

"ಏನಂದ್ರ ಅಲ್ಲಿ?" ಎಂದು ಆಸ್ಪತ್ರೆಯ ಮಂಚದ ಮೇಲಿಂದ ನೀಲಕ್ಕ ಕೇಳಿದಳು.

"ಚಪ್ಪಾಳಿ ಹೊಡದ್ರು."

"ನನ್ನ ಕಾಲಿಗೋ?"

ಇಬ್ಬರೂ ನಕ್ಕರು. ನಕ್ಕು, ಆಮೇಲೆ ರತ್ನವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸರಕಾರದವರು ಒಂದು ವಿಚಾರಣೆ ಮಾಡಿ, ಪರಿಸ್ಥಿತಿಗೆ ತಕ್ಕ ಕ್ರಮ ಎಂದು ಮುಗಿಸಿದರು. ದಳಕ್ಕೆ ಇನ್ನೊಂದು ವ್ಯಾನು ಬಂತು.

ಅಕ್ಕತಂಗಿಯರು ಟಿ. ದಾಸರಹಳ್ಳಿಗೆ ಹೋದರು. ಪೀಣ್ಯದ ಕಾರ್ಖಾನೆಗಳ ಹುಡುಗರಿಗೆ ಅಲ್ಲಿಯೂ ಹಸಿವೆಗೆ ಕೊರತೆ ಇರಲಿಲ್ಲ. ನೀಲಕ್ಕನ ಕಾಲಿನ ಚರ್ಮ ಜಗ್ಗಿ ಮಂಡಿ ಮಡಚಲು ಬರುತ್ತಿರಲಿಲ್ಲ, ಒಲೆಯ ಮುಂದೆ ಕೂರುವುದು ಮುಗಿದಿತ್ತು. ಸಾಮಾನು ಹೊತ್ತುಕೊಂಡು ಬಂದ ವೀರಬಸಪ್ಪ ಮೊದಲ ವಾರ ನೀರು ಸೇದಿದ, ಎರಡನೆಯ ವಾರ ಹಿಟ್ಟು ನಾದಿದ. ಆಮೇಲೆ ನೀಲಕ್ಕ ಸ್ಟೂಲಿನ ಮೇಲೆ ಕೂತು ಅವನಿಗೆ ರೊಟ್ಟಿ ಬಡಿಯುವುದು ಕಲಿಸಿದಳು. ಮೊದಮೊದಲು ಅವನ ರೊಟ್ಟಿ ನಕಾಶೆಯ ಹಾಗೆ ಬರುತ್ತಿತ್ತು. "ಭಾಷಣಾ ಮಾಡಿದಂಗ ಬಡೀಬ್ಯಾಡೋ, ಮೆತ್ತಗ ತಿರುವು" ಎಂದು ಅವಳು ಗದರುವಳು. ಅವನು ತಪ್ಪು ತನ್ನದೆಂಬಂತೆ ತಲೆ ತಗ್ಗಿಸುವನು. ಅದನ್ನು ಕಂಡರೆ ರತ್ನವ್ವನಿಗೆ ಇನ್ನೂ ಸಿಟ್ಟು. "ನೀ ಯಾಕ ತಲಿ ತಗ್ಗಸ್ತಿ? ತಗ್ಗಸಬೇಕಾದವರು ಎದಿ ಉಬ್ಬಿಸಿ ಪರೇಡ ಮಾಡಾಕತ್ತಾರ."

ಒಂದೆರಡು ವರ್ಷದ ಮೇಲೆ ಕೃಷ್ಣಯ್ಯನಿಗೂ ಆ ಕಡೆಗೇ ವರ್ಗವಾಯಿತು. ಒಂದು ದಿನ ಸೈಕಲ್ಲು ತಳ್ಳಿಕೊಂಡು ಬಂದು ಅಂಗಳದಲ್ಲಿ ನಿಂತ. ಪೀಣ್ಯದಲ್ಲಿ ಗಲಾಟೆಯಾಗುವ ಸುದ್ದಿಯಿದೆ, ದಳದವರು ಬಂದೋಬಸ್ತಿಗೆ ಬಂದಿದ್ದಾರೆ, ಅವರಿಗೆ ವಾರ ಪೂರ್ತಿ ಎರಡು ಹೊತ್ತು ಊಟ ಬೇಕು ಎಂದ. "ಒಳ್ಳೇ ಗಿರಾಕಿ ಕಣಮ್ಮ. ಹಳೇದೆಲ್ಲ ಯಾಕೆ? ಆ ಹುಡುಗ್ರೂ ಹೊಟ್ಟೆಪಾಡಿಗೆ ಬಂದೋರೇ."

"ಹೌದು, ಹೊಟ್ಟಿಪಾಡು" ಎಂದಳು ರತ್ನವ್ವ. "ನಿನ್ನದೂ ಅದ. ಅವತ್ತು ಸಾಹೇಬನ ಮುಂದ, 'ಇವನ್ನ ನಾನ ಕರದದ್ದು, ಮುಂಜಾನಿಂದ ಇಲ್ಲೇ ಕುಂತಾನ' ಅಂತ ಹೇಳಿದಿ ಏನು? ವಿಚಾರಣಿದಾಗರ ಹೇಳಿದಿ ಏನು?"

ಕೃಷ್ಣಯ್ಯ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾ ನಿಂತ. "ಯಾರೂ ಕೇಳ್ಲಿಲ್ಲ ಕಣಮ್ಮ" ಎಂದ.

"ಕೇಳಲಿಲ್ಲ! ಆಹಾ! ನೀ ಉಣ್ಣಾಕ ಬಂದಿದ್ದರ ಕುಂಡ್ರು, ರೊಟ್ಟಿ ಹಾಕ್ತೀನಿ. ಅವರಿಗೆ ನಮ್ಮಲ್ಲಿ ಏನೂ ಬೇಯೂದಿಲ್ಲ ಅಂತ ಹೇಳು."

ಕೃಷ್ಣಯ್ಯ ಕೂರದೆ ಸೈಕಲ್ಲು ತಿರುಗಿಸಿಕೊಂಡು ಹೊರಟುಹೋದ. ಆರ್ಡರು ಬೇರೆ ಮೆಸ್ಸಿಗೆ ಹೋಯಿತು. ಅಂದು ಪಂಕ್ತಿಯಲ್ಲಿ ಇದೇ ಚರ್ಚೆ. ವಾರದ ವ್ಯಾಪಾರ ಬಿಡಬಾರದಿತ್ತು ಎಂದು ಕೆಲವರು, ಬಿಟ್ಟದ್ದೇ ಸರಿ ಎಂದು ಕೆಲವರು, ಊಟ ಹಾಕಿ ಅದರಲ್ಲಿ ಉಪ್ಪು ಸುರಿಯಬೇಕಿತ್ತು ಎಂದು ಒಬ್ಬ.

"ಚರ್ಚಾ ಮಾಡವರು ಆರ್.ಟಿ. ನಗರಕ್ಕ ಹೋಗ್ರಿ, ಅಲ್ಲಿ ಬಿಸ್ಕೀಟ ಕೊಡ್ತಾರ" ಎಂದಳು ರತ್ನವ್ವ. "ಇಲ್ಲಿ ಸುಮ್ಮನ ಉಣ್ರಿ." ಒಲೆಯ ಕಡೆ ತಿರುಗಿ ವೀರಬಸಪ್ಪನಿಗೆ ಇನ್ನೂ ನಾಲ್ಕು ರೊಟ್ಟಿ ಬೇಗ ಬಡಿ ಎಂದು ಕೂಗಿದಳು. ನೀಲಕ್ಕ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.